ಕಿಲೋಮೀಟರಿಗೆ ಹತ್ತು ರೂಪಾಯಿ ಬೇಡ, ಒಂದು ಕಿಲೋ ಮೆಣಸು ಕೊಡಿ

ಈ ಮಾರ್ಚಿನಲ್ಲಿ ನಾಲ್ಕು ದಿನ ಕೊಡಗಿನಲ್ಲಿ ಸೈಕಲ್ ತುಳಿದು, ಶಾಲೆ ಮಕ್ಕಳ ಸೈಕಲ್ಲಿಗೆಂದು 214 ಕಿಲೋ ಕರಿಮೆಣಸು ದಾನ ಕೂಡಿಸಿದೆವು. ಕಿಲೋಗೆ 640ರ ಆಸುಪಾಸು ಸಿಕ್ಕಿತು. ಹತ್ತಿರ ಹತ್ತಿರ ಒಂದು ಲಕ್ಷದ ಮೂವತ್ತೇಳು ಸಾವಿರ. ಹದಿನಾಲ್ಕು ಸವಾರರು, ಐವತ್ತೆಂಟು ತೋಟ, ಸುಮಾರು 210 ಕಿಲೋಮೀಟರ್, ಅದರಲ್ಲಿ ಮುಕ್ಕಾಲು ಪಾಲು ಮಣ್ಣು, ಕಲ್ಲಿನ ದಾರಿ. "ದುಡ್ಡು ಕೇಳೋದು ಬಿಟ್ಟು ಮೆಣಸು ಕೇಳ್ತೀಯಾ? ಯಾರು ಗೇಟ್ ತೆಗೀತಾರೆ?" ಎಂದು ನನ್ನ ಒಡಹುಟ್ಟಿದ ಅಣ್ಣನೇ ಕೇಳಿದ್ದ. ಬೆಂಗಳೂರಿನ ಸೈಕಲ್ ಗೆಳೆಯರು, ದಾನದ ಸವಾರಿಗೆ ಆನ್‌ಲೈನ್ ಒಂದೇ ದಾರಿ, ಮಿಕ್ಕದ್ದೆಲ್ಲ ಕಾಲಹರಣ ಎಂದಿದ್ದರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ನಾನು ವಿರಾಜಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟವನು. 2006-07ರಲ್ಲಿ ಸರಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಸೈಕಲ್ಲುಗಳು ಇವತ್ತಿಗೂ ಎಷ್ಟೋ ಮನೆಗಳ ಹಿಂದೆ, ಸೌದೆ ಕೊಟ್ಟಿಗೆಯಲ್ಲಿ, ತೋಟದ ಆಳುಗಳ ಲೈನ್ ಮನೆಗಳ ಗೋಡೆಗೆ ಒರಗಿ ತುಕ್ಕು ಹಿಡಿದು ನಿಂತಿವೆ. ತಿತಿಮತಿ ಕಡೆಯ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಕೇರಿಗಳಲ್ಲಿ, ಸೈಕಲ್ ಅಂಗಳದಲ್ಲೇ ಇದ್ದು ಮಗು ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫ್ರೇಮಿಗೆ ಏನೂ ಆಗಿರುವುದಿಲ್ಲ. ಚೈನು, ಎರಡು ಟ್ಯೂಬು, ಬ್ರೇಕ್ ಶೂ, ಪೆಡಲು, ಕೆಲವಕ್ಕೆ ಒಂದು ಟೈರು. ಸಾವಿರದ ನಾನೂರೈವತ್ತು ರೂಪಾಯಿಗೆ ಸೈಕಲ್ ರಸ್ತೆಗಿಳಿಯುತ್ತದೆ, ಕೂಲಿ ನನ್ನದು ಪುಕ್ಕಟೆ. ನಮ್ಮ ಸವಾರಿಯ ದುಡ್ಡೆಲ್ಲ ಈ ಕೆಲಸಕ್ಕೆ.

ಮೊದಲ ವರ್ಷ ಎಲ್ಲರಂತೆ ನಾವೂ ಮಾಡಿದೆವು. ಕಿಲೋಮೀಟರಿಗೆ ಹತ್ತು ರೂಪಾಯಿ, ಐದು ರೂಪಾಯಿ ಎಂದು ಜನ ಮಾತು ಕೊಟ್ಟರು. ಕಾಗದದ ಮೇಲೆ ಒಂದು ಲಕ್ಷದ ಅರವತ್ತು ಸಾವಿರ. ಸವಾರಿ ಮುಗಿದ ಮೇಲೆ ಕೈಗೆ ಬಂದದ್ದು ಅರವತ್ತೆರಡೋ ಅರವತ್ತಮೂರೋ ಸಾವಿರ. ಬಾಕಿಯವರಿಗೆ ಮೂರು ತಿಂಗಳು ಫೋನ್ ಮಾಡಿದೆ. ಕೊನೆಗೆ ನನ್ನ ನಂಬರ್ ನೋಡಿದರೆ ಎತ್ತುವುದನ್ನೇ ಬಿಟ್ಟರು. ಹಿಂದೆ ಬರುವ ಕಾರು, ಹೋಂಸ್ಟೇ, ಬ್ಯಾನರು ಎಂದು ಖರ್ಚಾದದ್ದು ನಲವತ್ತೆಂಟು ಸಾವಿರ. ಉಳಿದದ್ದರಲ್ಲಿ ಹತ್ತು ಸೈಕಲ್ ರಿಪೇರಿಯಾಯಿತು. ಎರಡನೇ ವರ್ಷ ಟೀ ಶರ್ಟ್ ಮಾರುವ ಹುಚ್ಚು ಹತ್ತಿತು. ನೂರೈವತ್ತು ಹೊಲಿಸಿ, ಎಪ್ಪತ್ತು ಇನ್ನೂ ಅಂಗಡಿಯ ಅಟ್ಟದಲ್ಲಿವೆ. ಆ ವರ್ಷ ಕೈಯಿಂದಲೇ ಒಂಬತ್ತು ಸಾವಿರ ಹೋಯಿತು. ಹೆಂಡತಿಗೆ ಅದನ್ನು ಹೇಳಲು ಎರಡು ದಿನ ಬೇಕಾಯಿತು.

ಮೆಣಸಿನ ಯೋಚನೆ ಕೊಟ್ಟವರು ಅಮ್ಮತ್ತಿ ಕಡೆಯ ಒಬ್ಬ ಹಿರಿಯ ಬೆಳೆಗಾರರು. ರಸೀದಿ ಪುಸ್ತಕ ಹಿಡಿದು ಅವರ ಕಣದಲ್ಲಿ ನಿಂತಿದ್ದೆ. "ನೋಡಪ್ಪ, ಕಾಫಿ ದುಡ್ಡು ಬಂದದ್ದೆಲ್ಲ ಕೂಲಿಗೆ, ಗೊಬ್ಬರಕ್ಕೆ ಹೋಯ್ತು. ಕೈಯಲ್ಲಿ ಕಾಸಿಲ್ಲ. ಮೆಣಸು ಬೇಕಾದರೆ ನಾಲ್ಕು ಕಿಲೋ ತಗೊಂಡು ಹೋಗು," ಎಂದರು. ಆ ಮಾತು ತಲೆಯಲ್ಲೇ ಉಳಿಯಿತು. ನಮ್ಮ ಕಡೆ ಮೆಣಸೇ ಬ್ಯಾಂಕು. ಮಗಳ ಮದುವೆ, ಕಾಲೇಜು ಫೀಸು, ಆಸ್ಪತ್ರೆ ಬಂದಾಗ ಚೀಲ ಅಟ್ಟದಿಂದ ಇಳಿಯುತ್ತದೆ. ಸಾವಿರದ ಮುನ್ನೂರು ರೂಪಾಯಿ ಕೊಡಿ ಎಂದರೆ ಯೋಚಿಸುವ ಮನುಷ್ಯ, ಎರಡು ಕಿಲೋ ಮೆಣಸು ಕೊಡಿ ಎಂದರೆ ತೋಟದ ಲೆಕ್ಕ ನೋಡುವ ರೈಟರನ್ನು ಕೂಗಿ ತಕ್ಕಡಿ ತರಿಸುತ್ತಾನೆ. ಮೇಲಾಗಿ ಸವಾರಿಯ ದಿನವೇ, ಅಲ್ಲೇ, ಕೈಯಾರೆ ಕೊಟ್ಟಾಗಿರುತ್ತದೆ. ಬಾಕಿ ಎಂಬ ಮಾತೇ ಇಲ್ಲ.

ಆದರೂ ಮೂರನೇ ವರ್ಷ ಮೆಣಸಿನಲ್ಲೂ ಸೋತೆ. ಯಾವ ಮೆಣಸಾದರೂ ಸರಿ ಎಂದು ಹೇಳಿದ್ದು ಮೊದಲ ತಪ್ಪು. ಎರಡು ದಿನ ಒಣಗಿದ್ದು, ಆರು ದಿನ ಒಣಗಿದ್ದು, ಹಳೇ ವರ್ಷದ್ದು, ಎಲ್ಲವನ್ನೂ ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಸುರಿದೆವು. ಎರಡನೇ ದಿನ ಸಂಜೆ ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಕಾಫಿಗೆ ಅಮೃತ, ನಮಗೆ ಕೇಡು. ನಾಲ್ಕನೇ ದಿನ ಬಾಯಿ ಬಿಚ್ಚಿದರೆ ಚೀಲದೊಳಗೆ ಕೈ ಇಡಲಾಗದಷ್ಟು ಬಿಸಿ, ಬೂಷ್ಟಿನ ವಾಸನೆ. ವ್ಯಾಪಾರಿ ಹಿಡಿ ತೆಗೆದು ಮೂಗಿಗೆ ಹಿಡಿದು, ಏನೂ ಮಾತಾಡದೆ ಅಂದಿನ ದರಕ್ಕಿಂತ ನೂರು ರೂಪಾಯಿಗೂ ಹೆಚ್ಚು ಕಡಿದು ಬರೆದರು. ಅವರದು ತಪ್ಪಲ್ಲ. ನಲವತ್ತಾರು ಕಿಲೋ ಒಳ್ಳೆಯವರ ಮೆಣಸನ್ನು ನಾನೇ ಹಾಳು ಮಾಡಿದ್ದೆ. ಮೇಲೆ, ಹನ್ನೊಂದು ಕಿಲೋ ಹೇರಿದ ಕ್ಯಾರಿಯರಿನ ಬೋಲ್ಟು ಚೆಯ್ಯಂಡಾಣೆಯ ಇಳಿಜಾರಿನಲ್ಲಿ ಮುರಿದು, ಒಬ್ಬ ಹುಡುಗ ಬಿದ್ದು ಮೊಣಕೈ ಕಿತ್ತುಕೊಂಡ. ಸೈಕಲ್ ಮೇಲೆ ಮೆಣಸು ಹೊರುವ ಆಸೆ ಅವತ್ತಿಗೇ ಬಿಟ್ಟೆ.

ಈ ವರ್ಷ ಮಾಡಿದ್ದು ಹೀಗೆ. ಸವಾರರನ್ನು ಇಬ್ಬಿಬ್ಬರಂತೆ ಏಳು ಜೋಡಿ ಮಾಡಿದೆ. ಒಂದು ಜೋಡಿಗೆ ದಿನಕ್ಕೆ ಎರಡೇ ತೋಟ. ಜಾಸ್ತಿ ಕೊಟ್ಟರೆ ಕಾಫಿ ಕುಡಿಯಲು ಪುರುಸೊತ್ತಿಲ್ಲದೆ ಓಡುತ್ತಾರೆ, ಕಾಫಿ ಕುಡಿಯದೆ ಹೋದರೆ ನಮ್ಮಲ್ಲಿ ಯಾರೂ ಏನೂ ಕೊಡುವುದಿಲ್ಲ. ನಾಲ್ಕು ದಿನಕ್ಕೆ ಐವತ್ತಾರು ತೋಟ, ದಾರಿಯಲ್ಲಿ ತಾವಾಗಿ ಕರೆದವರು ಇನ್ನಿಬ್ಬರು. ಪ್ರತಿ ಜೋಡಿಗೆ ಒಂದು ಕೈತಕ್ಕಡಿ, ಒಂದು ಲೀಟರಿನ ಹಾಲಿನ ಅಳತೆ, ಬಟ್ಟೆಯ ಚೀಲಗಳು. ಒಂದು ಕಾಳು ಹಲ್ಲಿಗಿಟ್ಟು ಕಡಿದಾಗ ಟಕ್ ಎನ್ನಬೇಕು, ಮೆತ್ತಗಿದ್ದರೆ ಬೇಡ. ಒಂದು ಲೀಟರ್ ಅಳೆದ ಮೆಣಸಿನ ತೂಕ 500 ಗ್ರಾಂ ದಾಟಬೇಕು. 550 ಬಂದರೆ ಆ ಚೀಲಕ್ಕೆ ಕೆಂಪು ದಾರ. ಕಡಿಮೆ ತೂಗಿದ್ದಕ್ಕೆ, ಜೊಳ್ಳಿಗೆ ಬಿಳಿ ದಾರ. ಬೇರೆಬೇರೆಯಾಗಿಯೇ ಮಾರಿದೆವು. ತೋಟದವರೇ ಚೀಟಿ ಕಟ್ಟಿ ಇಟ್ಟ ಚೀಲಗಳನ್ನು ಸಂಜೆ ಒಂದು ಬಾಡಿಗೆ ಜೀಪು ಎತ್ತಿಕೊಂಡು ಬರುತ್ತಿತ್ತು. ಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಗಿಸುವವರ ಮಾಲು ಬಣ್ಣದಲ್ಲೂ ಒಣಗುವುದರಲ್ಲೂ ಒಂದೇ ಸಮ ಇರುತ್ತದೆ. ಅಂಥ ಮನೆಗಳ ಪಟ್ಟಿಯನ್ನು ಜನವರಿಯಲ್ಲೇ ಮಾಡಿಟ್ಟಿದ್ದೆ. ಒಂದೊಂದು ಊರಿನಲ್ಲಿ ಮೊದಲು ಯಾರ ಮನೆಯ ಗೇಟು ತಟ್ಟಬೇಕು ಎಂಬುದರ ಮೇಲೆ ಇಡೀ ಊರಿನ ಕೈ ಬಿಚ್ಚುತ್ತದೆ. ಅದನ್ನು ಹೇಗೆ ಆರಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಕಕ್ಕಬ್ಬೆಯ ಮೇಲೆ, ನಾಲ್ಕುನಾಡು ಅರಮನೆಗೆ ಹೋಗುವ ದಾರಿ ಬಿಟ್ಟು ಒಳಗೆ ಹೋದರೆ ಒಂದು ಎರಡು ಎಕರೆಯ ತೋಟ. ಎಂಬತ್ತು ದಾಟಿದ ಅವ್ವ ಒಬ್ಬರೇ ಕಣದಲ್ಲಿದ್ದರು. ಚಾಪೆಯ ಮೇಲೆ ಹರಡಿದ ಮೆಣಸನ್ನು ಬರಿಗಾಲಲ್ಲಿ ಗೆರೆಗೆರೆಯಾಗಿ ತಿರುವುತ್ತಿದ್ದರು, ಉತ್ತ ಹೊಲದ ಸಾಲಿನಂತೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಯಾವ ಶಾಲೆ ಮಕ್ಕಳಿಗೆ?" ಎಂದರು. ಹೇಳಿದೆ. ಒಳಗಿನಿಂದ ಮೊರ ತಂದು, ಚಾಪೆಯ ಬಿಸಿಲು ಹೆಚ್ಚು ಬಿದ್ದ ಮೂಲೆಯಿಂದಲೇ ತುಂಬಿಕೊಂಡು, ಎರಡು ಸಲ ಕೇರಿ ಜೊಳ್ಳು ಹಾರಿಸಿ, ನನ್ನ ತಕ್ಕಡಿಗೆ ಸುರಿದರು. ಮುಳ್ಳು ಒಂದು ಕಿಲೋಗೆ ಸರಿಯಾಗಿ ನಿಂತಿತು. ನಾನು ಚೀಲ ಬಿಚ್ಚುವಷ್ಟರಲ್ಲಿ ಇನ್ನೊಂದು ಬೊಗಸೆ ಬಿತ್ತು. "ಅದು ಕೊಸರು, ಲೆಕ್ಕಕ್ಕೆ ಬರೀಬೇಡ," ಎಂದರು. ಬರೆಯಲಿಲ್ಲ. ಹಾಗಾಗಿಯೇ 214 ಕಿಲೋ ಚಿಲ್ಲರೆ ಎನ್ನುತ್ತೇನೆ. ಕೊಸರೆಲ್ಲ ಸೇರಿ ಎಷ್ಟಾಯಿತೋ, ಅದು ತಕ್ಕಡಿಗೆ ಗೊತ್ತು.

ಇನ್ನು ದಾರಿ, ಸೈಕಲ್. ಗ್ರಾವೆಲ್ ಎಂದು ಹೊರಗಿನವರು ವಿಡಿಯೋದಲ್ಲಿ ನೋಡುವ ನಯವಾದ ಜಲ್ಲಿ ದಾರಿ ನಮ್ಮಲ್ಲಿಲ್ಲ. ಜೀಪಿಗೆಂದು ಗುಂಡುಕಲ್ಲು ಹಾಸಿದ ಏರು, ಸಿಲ್ವರ್ ಓಕ್ ಎಲೆ ಮುಚ್ಚಿದ ಕೆಮ್ಮಣ್ಣು, ಅರ್ಧ ಕಿತ್ತುಹೋದ ಪಂಚಾಯಿತಿ ಟಾರು. 40 ಮಿಲಿಮೀಟರ್ ಟೈರಿನಲ್ಲಿ ಮೊದಲೆರಡು ವರ್ಷ ಕೈ ಜೋಮು ಹಿಡಿಸಿಕೊಂಡೆವು. ಈಗ 47ಕ್ಕಿಂತ ಕಡಿಮೆ ಬೇಡವೇ ಬೇಡ ಎನ್ನುತ್ತೇನೆ. ನನ್ನ ತೂಕ 72 ಕಿಲೋ, ಟೈರಿನ ಗಾಳಿ ಮುಂದೆ 28, ಹಿಂದೆ 32 ಪಿಎಸ್‌ಐ. ಗೇರ್ ಚಕ್ರಕ್ಕೆ ಮುಂದೆ 30, ಹಿಂದೆ 36 ಹಲ್ಲು ಇಲ್ಲದಿದ್ದರೆ ಕಕ್ಕಬ್ಬೆಯ ಒಳದಾರಿಗಳಲ್ಲಿ ತಳ್ಳಿಕೊಂಡೇ ಹೋಗಬೇಕು. ಒಂದೂಕಾಲು ಲಕ್ಷದ ಗ್ರಾವೆಲ್ ಬೈಕೇ ಬೇಕೆಂದಿಲ್ಲ. ನನ್ನದು ಹಳೆಯ 26 ಇಂಚಿನ ಎಂಟಿಬಿ, ಮುಂದಿನ ಸಸ್ಪೆನ್ಷನ್ ಕಿತ್ತು ಗಟ್ಟಿ ಫೋರ್ಕ್ ಹಾಕಿ, ಬಾಗಿದ ಹ್ಯಾಂಡಲ್ ಕೂರಿಸಿದ್ದು. ಇಪ್ಪತ್ತಮೂರು ಸಾವಿರದೊಳಗೆ ಮುಗಿಯಿತು. ನಾಲ್ಕು ದಿನದಲ್ಲಿ ಒಂದೂ ಪಂಕ್ಚರ್ ಇಲ್ಲ. ಟೈರಿನೊಳಗಿದ್ದು ತೂತು ಮುಚ್ಚುವ ಸೀಲಂಟ್ ದ್ರವವನ್ನು ನಾನೇ ಬೆರೆಸುತ್ತೇನೆ, ಅದರ ಪಾಕ ಅಂಗಡಿಯ ಗುಟ್ಟು. ದುಬಾರಿ ಬೈಕ್ ತಂದ ಒಬ್ಬರ ಗೇರ್ ಹ್ಯಾಂಗರ್, ಅಂದರೆ ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಸುವ ತುಂಡು, ಚೇರಂಬಾಣೆಯಲ್ಲಿ ಮುರಿಯಿತು. ಆ ಬೈಕಿನ ಹ್ಯಾಂಗರ್ ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಚೈನು ತುಂಡು ಮಾಡಿ ಒಂದೇ ಗೇರಿನಲ್ಲಿ ಮಡಿಕೇರಿ ಹತ್ತಿಸಿದೆ. ಬರುವವರು ಅವರವರ ಹ್ಯಾಂಗರ್ ಎರಡು ತರಲೇಬೇಕು.

ದಾರಿ ವಿರಾಜಪೇಟೆಯಿಂದ ಕಡಂಗ, ಚೆಯ್ಯಂಡಾಣೆ ಒಳಗಿನಿಂದ ಕಕ್ಕಬ್ಬೆ. ಎರಡನೇ ದಿನ ನಾಪೋಕ್ಲು ದಾಟಿ ಭಾಗಮಂಡಲ. ಕೆಲವರು ಸಂಜೆ ತಲಕಾವೇರಿಗೂ ಹತ್ತಿ ಬಂದರು, ಎಂಟು ಕಿಲೋಮೀಟರ್, ಒಳ್ಳೆಯ ಟಾರು, ನಾನು ಮೆಣಸು ತೂಗುತ್ತಾ ಕೂತೆ. ಮೂರನೇ ದಿನ ಚೇರಂಬಾಣೆ, ಬೆಟ್ಟಗೇರಿ, ಮಡಿಕೇರಿ, ಎರಡು ಜೋಡಿ ಮಾತ್ರ ಮಕ್ಕಂದೂರಿಗೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಹೋದ ಕಡೆ ಕೇಳುವುದು ಬೇಡ ಎಂದು ನಾನು ಬಿಟ್ಟಿದ್ದೆ. ಅಲ್ಲಿಯವರೇ ಹೇಳಿ ಕಳಿಸಿದರು. ತೋಟ ಕೊಚ್ಚಿಹೋದ ಮೇಲೆ ಮತ್ತೆ ನೆಟ್ಟ ಬಳ್ಳಿ ಈಗ ಚೆನ್ನಾಗಿ ಫಸಲಿಗೆ ಬಂದಿದೆ, ನಮ್ಮದೂ ಇರಲಿ ಎಂದು ಅರ್ಧರ್ಧ ಕಿಲೋ ಕೊಟ್ಟರು. ಅದಕ್ಕೆ ನಾನು ಕೆಂಪು ದಾರವನ್ನೇ ಕಟ್ಟಿದೆ, ಲೀಟರ್ ತೂಕ ನೋಡಲಿಲ್ಲ. ಕೊನೆಯ ದಿನ ಚೆಟ್ಟಳ್ಳಿ, ಸಿದ್ದಾಪುರ, ಅಮ್ಮತ್ತಿ, ಮನೆ.

ಸಿದ್ದಾಪುರದ ಕಡೆ ಆನೆಯ ಮಾತು ಹೇಳಲೇಬೇಕು. ಕಾಡಿನೊಳಗೆ ನಾವು ಕಾಲಿಡುವುದಿಲ್ಲ, ತೋಟ ಮತ್ತು ಪಂಚಾಯಿತಿ ದಾರಿ ಮಾತ್ರ. ಆದರೆ ಆನೆ ಈಗ ತೋಟದಲ್ಲೇ ಇರುತ್ತದೆ. ಬೆಳಿಗ್ಗೆ ಏಳೂವರೆಗೆ ಮೊದಲು ಯಾರೂ ಹೊರಡುವಂತಿಲ್ಲ, ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು. ಹೊರಡುವ ಮುಂಚೆ ಆನೆ ಸುದ್ದಿಯ ವಾಟ್ಸಾಪ್ ಗುಂಪು ನೋಡಿ, ಮುಂದಿನ ತೋಟದ ರೈಟರಿಗೆ ಫೋನ್ ಮಾಡಬೇಕು. ಸೈಕಲ್ಲಿಗೆ ಸದ್ದಿಲ್ಲ, ಅದೇ ಅಪಾಯ. ಜೀಪಿನ ಸದ್ದು ಆನೆಗೆ ದೂರದಿಂದಲೇ ತಿಳಿಯುತ್ತದೆ, ನಾವು ತಿರುವಿನಲ್ಲಿ ನೇರ ಕಾಲ ಬುಡಕ್ಕೇ ಹೋಗಿ ನಿಲ್ಲುತ್ತೇವೆ. ಅದಕ್ಕೇ ಇಳಿಜಾರಿನಲ್ಲೂ ಬೆಲ್ಲು ಹೊಡೆಯುತ್ತಲೇ ಇರಬೇಕು. ಈ ಸಲ ಮರಿ ಇರುವ ಹಿಂಡೊಂದು ದಾರಿ ಪಕ್ಕದ ಕೆರೆಯಲ್ಲಿತ್ತು. ಗೇಟಿನ ಒಳಗೆ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ ಕೂತೆವು. ಇಬ್ಬರಿಗೆ ಸಿಟ್ಟು ಬಂತು. ನಾನು ಬಿಡಲಿಲ್ಲ, ಮುಂದೆಯೂ ಬಿಡುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಮಳೆಗಾಲದಲ್ಲಿ ಅಂಗಡಿಗೆ ಕೆಲಸ ಕಡಿಮೆ, ತುಕ್ಕು ಹಿಡಿದ ಸೈಕಲ್ಲುಗಳ ರಾಶಿ ಇರುತ್ತದೆ. ಅದೇ ಹೊತ್ತಿಗೆ ನಮ್ಮ ಅತ್ತೆಯ ಮನೆಯಲ್ಲಿ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿರಸ, ಮಾಡುತ್ತಾರೆ. ಹಣ್ಣು ಬುಟ್ಟಿಯಲ್ಲಿ ಕೊಳೆತು ರಸ ಇಳಿದ ಮೇಲೆ ಉಳಿಯುವ ಸಿಪ್ಪೆ, ಗಸಿ ಎಸೆಯುವುದೇ. ಅದನ್ನು ತಂದು ರಿಮ್ಮಿಗೆ ಮೆತ್ತಿ ಗೋಣಿ ಸುತ್ತಿಟ್ಟೆ. ಮಾರನೆ ದಿನ ತೆಂಗಿನ ನಾರಿನಲ್ಲಿ ಉಜ್ಜಿದರೆ ಕ್ರೋಮು ಹೊಳೆಯಿತು. ಆದರೆ ಒಂದಷ್ಟು ರಿಮ್ಮುಗಳನ್ನು ತೊಳೆಯುವುದು ತಡವಾಗಿ, ಕಡ್ಡಿಗಳನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲುಗಳೆಲ್ಲ ಕಚ್ಚಿಕೊಂಡವು. ನಾಲ್ಕು ಚಕ್ರ ಪೂರ್ತಿ ಬಿಚ್ಚಬೇಕಾಯಿತು. ಈಗ ಹನ್ನೆರಡು ತಾಸು ಕಳೆದ ಕೂಡಲೇ ತೆಗೆದು, ಸೋಡಾ ಪುಡಿ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರುತ್ತೇನೆ. ಚೈನಿಗೆ ಮಾತ್ರ ಇದನ್ನು ಮುಟ್ಟಿಸಬೇಡಿ.

ಲೆಕ್ಕ ಹೇಳಿ ಮುಗಿಸುತ್ತೇನೆ. ಸವಾರರ ಊಟ, ವಸತಿ, ಜೀಪು ಬಾಡಿಗೆ ಸವಾರರದ್ದೇ, ತಲೆಗೆ 3,800. ಮಲಗಿದ್ದು ತೋಟದ ಗೋದಾಮಿನಲ್ಲಿ, ಒಂದು ರಾತ್ರಿ ಮಾತ್ರ ಸಮುದಾಯ ಭವನದಲ್ಲಿ. ಹಾಗಾಗಿ ಮೆಣಸಿನ ದುಡ್ಡಿನಲ್ಲಿ ಒಂದು ಪೈಸೆಯೂ ಸವಾರಿಗೆ ಹೋಗಿಲ್ಲ. ಅರವತ್ತೊಂದು ಸೈಕಲ್ ರಿಪೇರಿಗೆ ಎಂಬತ್ತೆಂಟು ಸಾವಿರ ಚಿಲ್ಲರೆ, ಒಂಬತ್ತು ಹೊಸ ಸೈಕಲ್ಲಿಗೆ ನಲವತ್ತೊಂಬತ್ತೂವರೆ. ಸಾವಿರದಷ್ಟು ಕೊರತೆ ಬಿದ್ದದ್ದನ್ನು ಅಣ್ಣ ಹಾಕಿದ, ಕೇಳದೆಯೇ. ಬಿಲ್ಲುಗಳನ್ನೆಲ್ಲ ಶಾಲೆಗಳ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ, ಕೊಟ್ಟಿದ್ದೇನೆ, ಮೆಣಸು ಕೊಟ್ಟವರು ಯಾರು ಬೇಕಾದರೂ ಹೋಗಿ ನೋಡಬಹುದು. ಜೂನಿನಲ್ಲಿ ಶಾಲೆ ತೆರೆದ ವಾರವೇ ಸೈಕಲ್ ಹಂಚಿದೆವು. ಹಾಡಿಯ ದಾರಿ ಮಳೆಗೆ ಕೆಸರಾಗಿದ್ದರಿಂದ ಎಲ್ಲಕ್ಕೂ ಹಿಂದಿನ ಮಡ್‌ಗಾರ್ಡ್ ಉದ್ದ ಮಾಡಿ ಕೊಟ್ಟೆ, ಹಳೇ ಟ್ಯೂಬು ಕತ್ತರಿಸಿ. ಮುಂದಿನ ಮಾರ್ಚಿಗೆ ಪೊನ್ನಂಪೇಟೆ, ಕುಟ್ಟ ಕಡೆ ಹೋಗುತ್ತೇವೆ. ಬಟ್ಟೆ ಚೀಲ ನೂರು ಹೊಲಿಯಲು ಕೊಟ್ಟಾಗಿದೆ.