ಕನ್ನಡ ಪಠ್ಯಪುಸ್ತಕ ಮೊಬೈಲಿನಲ್ಲಿ ಮಾತಾಡಬೇಕಾದರೆ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪೂರ್ತಿ ಕಣ್ಣು ಕಾಣದ ಹುಡುಗಿ, ಅರೆದೃಷ್ಟಿಯ ಹುಡುಗ, ಕಿವಿಗೆ ಯಂತ್ರ ಹಾಕಿಕೊಂಡ ಇನ್ನೊಬ್ಬ, ಹೀಗೆ ಮೂವರು ನಮ್ಮ ಶಾಲೆಯಲ್ಲಿದ್ದಾರೆ. ಇಂಥ ಮಕ್ಕಳಿರುವ ಮೇಷ್ಟ್ರು, ಮೇಡಂಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಕೆಲಸಕ್ಕೆ ಒಂದು ಸಾಧಾರಣ ಆಂಡ್ರಾಯ್ಡ್ ಫೋನು ಸಾಕು.

ಅರೆದೃಷ್ಟಿಯ ಮಗುವಿಗೆ ಮೊದಲೇ ಆಡಿಯೋ ಕೊಡಬೇಡಿ. ಇರುವಷ್ಟು ದೃಷ್ಟಿಯಲ್ಲಿ ಓದುವ ಅವಕಾಶ ಮೊದಲು ಸಿಗಲಿ. ಬೆಳಕು ಬೆನ್ನ ಕಡೆಯಿಂದ ಬೀಳುವಂತೆ ಕೂರಿಸಿ, ಪುಸ್ತಕವನ್ನು ಓರೆ ಹಲಗೆಯ ಮೇಲೆ ಇಡಿ, ನೋಟ್ಸಿಗೆ ದಪ್ಪ ಕಪ್ಪು ಮಾರ್ಕರ್ ಬಳಸಿ. ಬೋರ್ಡಿನ ಮೇಲಿದ್ದದ್ದನ್ನು ಫೋನಿನಲ್ಲಿ ಫೋಟೊ ತೆಗೆದುಕೊಟ್ಟರೆ ಹುಡುಗ ಬೆರಳಿನಿಂದ ಹಿಗ್ಗಿಸಿಕೊಂಡು ಓದಿಕೊಳ್ಳುತ್ತಾನೆ. ಇಷ್ಟರಲ್ಲೇ ಅರ್ಧ ತೊಂದರೆ ನೀಗುತ್ತದೆ.

ಪೂರ್ತಿ ಕಾಣದ ಮಗುವಿಗೆ ಫೋನಿನೊಳಗೇ ಟಾಕ್‌ಬ್ಯಾಕ್ ಇದೆ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಅದು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಆನ್ ಮಾಡಿ. ಅಲ್ಲಿಯೇ ಅದರ ಶಾರ್ಟ್‌ಕಟ್ಟನ್ನೂ ಆನ್ ಮಾಡಿಟ್ಟರೆ, ಮುಂದೆ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಕೆಲವು ಸೆಕೆಂಡು ಒತ್ತಿದರೆ ಸಾಕು, ಆನ್ ಆಫ್ ಎರಡೂ ಆಗುತ್ತದೆ. ಬೆರಳನ್ನು ಬಲಕ್ಕೆ ಸವರಿದರೆ ಮುಂದಿನದನ್ನು ಓದುತ್ತದೆ, ಎಡಕ್ಕೆ ಸವರಿದರೆ ಹಿಂದಿನದನ್ನು. ಎರಡು ಸಲ ತಟ್ಟಿದರೆ ತೆರೆಯುತ್ತದೆ. ಈ ಮೂರನ್ನು ಮಗುವಿನ ಕೈಗೆ ಚೆನ್ನಾಗಿ ರೂಢಿ ಮಾಡಿಸಿ, ಉಳಿದದ್ದು ಆಮೇಲೆ. ಕನ್ನಡ ಧ್ವನಿಯನ್ನು ವೈಫೈ ಇರುವ ಕಡೆ ಮುಂಚೆಯೇ ಇಳಿಸಿಕೊಂಡುಬಿಡಿ. ನಮ್ಮ ಕಡೆ ಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿಕೊಂಡು ತರಗತಿ ನಡೆಸಲಾಗದು. ಇಯರ್‌ಫೋನ್ ಒಂದೇ ಕಿವಿಗೆ ಹಾಕಿಸಿ, ಇನ್ನೊಂದು ಕಿವಿ ನಿಮ್ಮ ಪಾಠಕ್ಕೆ ಬೇಕು.

ಇಲ್ಲಿಯವರೆಗೆ ಸುಲಭ. ತೊಡಕು ಶುರುವಾಗುವುದು ಪಠ್ಯಪುಸ್ತಕದ ಪಿಡಿಎಫ್ ತೆರೆದಾಗ. ನಮ್ಮ ಹುಡುಗಿ ಇಯರ್‌ಫೋನ್ ತೆಗೆದು, 'ಮಿಸ್, ಇದು ಕನ್ನಡ ಅಲ್ಲ' ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಹಲವು ಕನ್ನಡ ಪಿಡಿಎಫ್‌ಗಳು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಸಿದ್ಧವಾದವು. ಕಣ್ಣಿಗೆ ಕನ್ನಡ ಅಕ್ಷರ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ. ಫೋನು ಅದನ್ನೇ ಓದುತ್ತದೆ. ನಿಮ್ಮ ಪಿಡಿಎಫ್ ಹೇಗಿದೆ ಎಂದು ತಿಳಿಯಲು ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಒಳಗೂ ಕನ್ನಡ ಅಕ್ಷರವೇ ಇದೆ, ಚಿಂತೆಯಿಲ್ಲ. ಚಿಹ್ನೆಗಳು ಬಂದರೆ ಪುಟಗಳನ್ನು ಹೊಸದಾಗಿ ಯೂನಿಕೋಡ್ ಮಾಡಿಕೊಳ್ಳಬೇಕು.

ಹೀಗೆ ಮಾಡಿ. ಪುಸ್ತಕದ ಪುಟವನ್ನು ಒಳ್ಳೆಯ ಬೆಳಕಿನಲ್ಲಿ, ನೆರಳು ಬೀಳದಂತೆ, ನೇರ ಮೇಲಿನಿಂದ ಫೋಟೊ ತೆಗೆಯಿರಿ. ಗೂಗಲ್ ಡ್ರೈವ್‌ಗೆ ಪಿಡಿಎಫ್ ಅನ್ನೇ ಹಾಕಿದರೆ ಹಳೆಯ ಸಂಕೇತಗಳೇ ಜೊತೆಗೆ ಬರಬಹುದು, ಆದ್ದರಿಂದ ಚಿತ್ರವೇ ಒಳ್ಳೆಯದು. ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್‌ಗೆ ಆ ಚಿತ್ರ ಹಾಕಿ, ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಫೋನಿನ ಗೂಗಲ್ ಲೆನ್ಸ್‌ನಲ್ಲಿ ಪಠ್ಯ ಆರಿಸಿ ಕಾಪಿ ಮಾಡಬಹುದು.

ಬಂದದ್ದನ್ನು ಹಾಗೇ ಮಗುವಿಗೆ ಕೊಡಬೇಡಿ. ಒತ್ತಕ್ಷರ ತಪ್ಪುತ್ತದೆ, ಅರ್ಕಾವತ್ತು ಬೇರೆ ಅಕ್ಷರಕ್ಕೆ ಹೋಗಿ ಕೂರುತ್ತದೆ, ಅನುಸ್ವಾರದ ಜಾಗದಲ್ಲಿ ಸೊನ್ನೆ ಬರುತ್ತದೆ. ಇಸವಿಗಳನ್ನು ಒಂದೊಂದಾಗಿ ಪುಸ್ತಕದ ಜೊತೆ ತಾಳೆ ನೋಡಿ. 'ನಿಮಗೆ ಗೊತ್ತೇ' ಎನ್ನುವಂಥ ಚೌಕದೊಳಗಿನ ಮಾತು ಪಾಠದ ನಡುವೆ ನುಗ್ಗಿರುತ್ತದೆ, ಅದನ್ನು ಕೊನೆಗೆ ಸರಿಸಿ. ಕೋಷ್ಟಕವನ್ನು ವಾಕ್ಯವಾಗಿ ಬರೆಯಿರಿ. ಈ ತಿದ್ದುವ ಕೆಲಸ ಬೇಸರದ್ದು ನಿಜ, ಆದರೆ ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇದರಲ್ಲೇ. ಒಂಬತ್ತನೇ ತರಗತಿಯ ಮಕ್ಕಳಿಗೆ ಪುಟ ಹಂಚಿದರೆ ಅವರು ಖುಷಿಯಿಂದ ಮಾಡುತ್ತಾರೆ, ಅವರ ಕಾಗುಣಿತವೂ ಸುಧಾರಿಸುತ್ತದೆ. ಕಾಪಿರೈಟ್ ಬಗ್ಗೆ ಅಂಜುವುದು ಬೇಡ. ಅಂಗವಿಕಲರು ಓದಲಾಗುವ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಳ್ಳಲು 2012ರ ಕಾಪಿರೈಟ್ ತಿದ್ದುಪಡಿ ಅವಕಾಶ ಕೊಟ್ಟಿದೆ. ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವವರಿಗೂ ಯೂನಿಕೋಡಿನಲ್ಲೇ ಮಾಡಲು ಹೇಳಿಬಿಡಿ.

ಫೋನು ಬಂತೆಂದು ಬ್ರೈಲ್ ಬಿಡಿಸಬೇಡಿ. ಬರೀ ಕೇಳಿ ಕಲಿತ ಮಗುವಿಗೆ ಪದದೊಳಗಿನ ಅಕ್ಷರ ಗೊತ್ತಾಗುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣ, ದ್ವಿತ್ವ, ಎಲ್ಲ ಬೆರಳಿಗೆ ತಾಗಬೇಕು.

ನಕ್ಷೆಯನ್ನು ಫೋನು ಓದದು, ಅದನ್ನು ಕೈಯಿಂದಲೇ ಮಾಡಬೇಕು. ಹಳೆಯ ಕ್ಯಾಲೆಂಡರ್ ರಟ್ಟಿನ ಮೇಲೆ ಜಿಲ್ಲೆಯ ಗಡಿಗೆ ಗೋಣಿದಾರವನ್ನು ಫೆವಿಕಾಲ್ ಹಾಕಿ ಅಂಟಿಸಿದೆವು. ಹೊನ್ನಾಳಿ, ಹರಿಹರದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಗೆ ನಯವಾದ ರೇಷ್ಮೆ ದಾರ, ಚನ್ನಗಿರಿಯ ಸೂಳೆಕೆರೆಗೆ ಅಂಗಿಯ ಗುಂಡಿ. ಜ್ಯಾಮಿತಿಯ ಆಕೃತಿಗೆ ಟೇಲರ್‌ಗಳು ಬಳಸುವ ಹಲ್ಲುಳ್ಳ ಚಕ್ರ ಒಳ್ಳೆಯದು. ದಪ್ಪ ಕಾಗದದ ಕೆಳಗೆ ಪೇಪರಿನ ಕಟ್ಟು ಇಟ್ಟು ಚಕ್ರ ಒತ್ತಿ ಎಳೆದರೆ ಗೆರೆ ಹಿಂಬದಿಯಲ್ಲಿ ಉಬ್ಬುತ್ತದೆ. ಆಕೃತಿಯನ್ನು ಎಡಬಲ ಮಾಡಿ ಬರೆಯುವುದು ಮರೆಯಬಾರದು. ಪಾಠ ಮಾಡುವಾಗ 'ಇದನ್ನು ಇದರಿಂದ ಭಾಗಿಸಿ' ಅನ್ನದೆ 'ಹನ್ನೆರಡನ್ನು ಮೂರರಿಂದ ಭಾಗಿಸಿ' ಅನ್ನಿ.

ಕಿವಿಯ ಯಂತ್ರ ಹಾಕಿದ ಮಗುವನ್ನು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಪರೀಕ್ಷಿಸಿ. ಅವನ ಹಿಂದೆ ನಿಂತು ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿ ಒಂದೊಂದಾಗಿ ಹೇಳಿ, ಅವನು ಮರಳಿ ಹೇಳಲಿ. ನಿನ್ನೆ ಕೇಳಿಸಿದ್ದು ಇವತ್ತು ಕೇಳಿಸದಿದ್ದರೆ ಮೊದಲು ಬ್ಯಾಟರಿ ನೋಡಿ. ಗುಂಡಿಯಂಥ ಬ್ಯಾಟರಿಯಾದರೆ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಸೀಟಿಯಂಥ ಸದ್ದು ಬಂದರೆ ಹೆಚ್ಚಾಗಿ ಕಿವಿಯ ಅಚ್ಚು ಸರಿಯಾಗಿ ಕೂತಿರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಬೆವರು ಒಳಗೆ ಇಳಿಯುತ್ತದೆ, ಅದಕ್ಕೆ ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡಲು ತಾಯಿಗೆ ಹೇಳಿಕೊಡಿ. ಯಂತ್ರ ದೂರದ ಮಾತನ್ನು ಚೆನ್ನಾಗಿ ಹಿಡಿಯುವುದಿಲ್ಲ, ಆದ್ದರಿಂದ ಮುಂದಿನ ಸಾಲು ಅವನದು. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ.

ತರಗತಿಯಲ್ಲಿ ಫೋನು ಎಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಚ್‌ಎಂ (ಮುಖ್ಯ ಶಿಕ್ಷಕರು) ಅವರಿಂದ ಲಿಖಿತ ಅನುಮತಿ ಪಡೆದು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲೂ ಹೇಳಿಡಿ. ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇರುವ ವಿದ್ಯಾರ್ಥಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ತಕ್ಕ ಸಾಧನ ಉಚಿತವಾಗಿ ಸಿಗಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಸಾಧನ ಕೇಳುವ ಅರ್ಜಿಯಲ್ಲಿ ಆ ಕಲಂ ಬರೆಯಿರಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಬ್ಲಾಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರ ಜೊತೆ ಮಾತಾಡಿ. ದಾವಣಗೆರೆಯಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರವೂ (ಸಿಆರ್‌ಸಿ) ಇದೆ. ಸಾಧನಕ್ಕಾಗಿ ಮಗುವಿನ ತಪಾಸಣೆಗೆ ಹೋಗುವಾಗ ಮಗುವಿನ ಪಠ್ಯಪುಸ್ತಕ, ನೋಟ್‌ಬುಕ್ ಎರಡನ್ನೂ ಒಯ್ಯಿರಿ. ಯಾವ ಸಾಧನ ಕೊಟ್ಟರೂ ಆ ಪುಸ್ತಕದ ಒಂದು ಪುಟವನ್ನು ಮಗು ಅದರಲ್ಲಿ ಅಲ್ಲೇ ಓದಿ ತೋರಿಸಿದ ಮೇಲೆ ಸಹಿ ಹಾಕಿ.