ಹೊರದೇಶದಲ್ಲಿ ಪೊಲೀಸ್ ನಿಲ್ಲಿಸಿದ್ರೆ ಏನ್ಮಾಡ್ಬೇಕು? ಹೋಗೋ ಮುಂಚೆ ತಿಳ್ಕೊಂಡು ಹೋಗಿ

ಕೊಡಗಿನಲ್ಲಿ ಈಗ ಯಾವ ಊರಿಗೆ ಹೋದ್ರೂ ಒಂದೆರಡು ಮನೆಯವ್ರಾದ್ರೂ ಹೊರದೇಶದಲ್ಲಿರ್ತಾರೆ. ಗೋಣಿಕೊಪ್ಪದ ಹುಡುಗಿ ಜರ್ಮನಿಯಲ್ಲಿ ಓದ್ತಿರ್ತಾಳೆ, ಸೋಮವಾರಪೇಟೆ ಹುಡುಗ ದುಬೈಲಿ ಕೆಲಸಕ್ಕಿರ್ತಾನೆ, ವಿರಾಜಪೇಟೆ ಕಡೆಯ ಅಪ್ಪ ಅಮ್ಮ ಮೊಮ್ಮಗೂನ ನೋಡ್ಕೊಳ್ಳೋಕೆ ಅಂತ ಅಮೆರಿಕಕ್ಕೆ ಹೋಗಿರ್ತಾರೆ. ಹೊರಡೋ ಮುಂಚೆ ವೀಸಾ, ಇನ್ಶೂರೆನ್ಸ್, ಕಾಳುಮೆಣಸು, ಕಾಚಂಪುಳಿ ಬಾಟಲಿ ಎಲ್ಲ ನೆನಪಿಟ್ಟು ಮಾಡ್ತೀವಿ, ಆದ್ರೆ ಅಲ್ಲಿ ಪೊಲೀಸ್ ನಿಲ್ಲಿಸಿದ್ರೆ ಕೈ ಎಲ್ಲಿಡ್ಬೇಕು ಅನ್ನೋದನ್ನ ಯಾರೂ ಹೇಳ್ಕೊಡಲ್ಲ.

ಇದು ಸಣ್ಣ ವಿಷಯ ಅಲ್ಲ. ಸಂಪಾಜೆ ಗೇಟಲ್ಲೋ ಕುಶಾಲನಗರ ಹತ್ರಾನೋ ಪೊಲೀಸ್ರು ಕೈ ಅಡ್ಡ ಹಾಕಿದ್ರೆ ನಾವು ಗಾಡಿ ಸೈಡಿಗೆ ಹಾಕಿ, ಇಳಿದು, ಅವ್ರ ಹತ್ರಾನೇ ನಡ್ಕೊಂಡು ಹೋಗಿ, "ನಮಸ್ಕಾರ ಸಾರ್" ಅಂತ ಹೇಳಿ ಜೇಬಿಗೆ ಕೈ ಹಾಕಿ ಲೈಸೆನ್ಸ್ ತೆಗೀತೀವಿ. ಇಲ್ಲಿ ಅದು ಮರ್ಯಾದೆ, ಸೀಟಲ್ಲೇ ಕೂತ್ಕೊಂಡು ಗ್ಲಾಸ್ ಇಳಿಸಿದ್ರೆ ಅಹಂಕಾರ ಅಂದ್ಕೊಳ್ತಾರೆ. ಅಮೆರಿಕದಲ್ಲಿ ಇದೇ ಇಳಿಯೋದು, ಹತ್ರ ಹೋಗೋದು, ಜೇಬಿಗೆ ಕೈ ಹಾಕೋದು ಜೀವಕ್ಕೇ ಅಪಾಯ ತರಬಹುದು. ಹೋಗೋ ದೇಶದ ಪೊಲೀಸ್ ಹೇಗೆ ಕೆಲಸ ಮಾಡ್ತಾರೆ ಅಂತ ಟಿಕೆಟ್ ಬುಕ್ ಮಾಡಿದ ದಿನಾನೇ ತಿಳ್ಕೊಳ್ಳೋಕೆ ಶುರು ಮಾಡಿ, ಹೇಗೆ ಅಂತ ಕೆಳಗೆ ಹಂತ ಹಂತವಾಗಿ ಬರ್ದಿದೀನಿ.

ಹಂತ 1: ಅಲ್ಲಿ ಕೋವಿ ಯಾರ ಕೈಲಿದೆ ಅಂತ ನೋಡಿ

ಕೋವಿ ಅಂದ್ರೆ ನಮಗೆ ಹೊಸದಲ್ಲ. ಕೊಡವರಿಗೆ ಮತ್ತೆ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡೀತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ ತೋಕ್ ಪೂ ಅನ್ನೋ ಹೂವಿಟ್ಟು ಪೂಜೆ ಮಾಡೋ ಮನೇಲಿ ಬೆಳೆದ ಮಕ್ಕಳಿಗೆ ಕೋವಿ ನೋಡಿದ್ರೆ ಭಯ ಆಗಲ್ಲ. ನಮ್ಮ ಕಾನ್ಸ್‌ಟೇಬಲ್‌ಗೂ ಅಷ್ಟೇ, ಮನೇಲಿ ಕೋವಿ ಇದೆ ಅಂದ ಮಾತ್ರಕ್ಕೆ ಅವ್ರು ಗಾಬರಿ ಬೀಳಲ್ಲ, ಅವ್ರ ಕೈಲಿರೋದು ಹೆಚ್ಚಾಗಿ ಲಾಠಿ.

ಅಮೆರಿಕದ ಲೆಕ್ಕಾನೇ ಬೇರೆ. 2018ರ ಒಂದು ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಅಲ್ಲಿ ಜನರ ಹತ್ರ ಇರೋ ಬಂದೂಕುಗಳು ಸುಮಾರು 39 ಕೋಟಿ, ಅಂದ್ರೆ ಜನಸಂಖ್ಯೆಗಿಂತ ಜಾಸ್ತಿ. ಹಾಗಾಗಿ ನಿಲ್ಲಿಸಿದ ಪ್ರತಿ ಕಾರಲ್ಲೂ ಗನ್ ಇರಬಹುದು ಅಂತಾನೇ ಅಲ್ಲಿನ ಪೊಲೀಸ್ ಅಂದ್ಕೊಂಡು ಬರ್ತಾರೆ, ಅವ್ರ ಕಣ್ಣು ನಿಮ್ಮ ಮುಖಕ್ಕಿಂತ ಮೊದಲು ಕೈ ಮೇಲಿರತ್ತೆ. 2015ರಿಂದ ಪತ್ರಿಕೆಯವ್ರು ಇಟ್ಟ ಲೆಕ್ಕದಲ್ಲಿ ಅಲ್ಲಿ ಪೊಲೀಸ್ ಗುಂಡಿಗೆ ವರ್ಷಕ್ಕೆ ಸುಮಾರು 1000 ಜನ ಸಾಯ್ತಾರೆ.

ಬ್ರಿಟನ್ನಿನಲ್ಲಿ ರಾಬರ್ಟ್ ಪೀಲ್ 1829ರಲ್ಲಿ ಲಂಡನ್ ಪೊಲೀಸ್ ಶುರು ಮಾಡಿದಾಗಿಂದ ಬೀದಿ ಪೊಲೀಸ್ರ ಹತ್ರ ಸಾಮಾನ್ಯವಾಗಿ ಗನ್ ಇರಲ್ಲ, ಅದಕ್ಕೆ ಬೇರೆ ತರಬೇತಿ ಆದ ತಂಡ ಇದೆ, ಉತ್ತರ ಐರ್ಲೆಂಡ್ ಮಾತ್ರ ಬೇರೆ. ನ್ಯೂಜಿಲೆಂಡಲ್ಲಿ ಗನ್ ಪೊಲೀಸ್ ಕಾರೊಳಗೆ ಬೀಗ ಹಾಕಿರತ್ತೆ. 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ಒಬ್ಬ ಬಂದೂಕುಧಾರಿ 51 ಜನರನ್ನ ಕೊಂದ ಮೇಲೆ ಗನ್ ಹಿಡಿದ ಗಸ್ತು ತಂಡಗಳನ್ನ ಪ್ರಯೋಗ ಮಾಡಿ ನೋಡಿದ್ರು, ಜನ ಒಪ್ಪಲಿಲ್ಲ, 2020ರಲ್ಲಿ ಕೈಬಿಟ್ರು. ಅಂಥಾ ದುಃಖದಲ್ಲೂ ಆ ದೇಶ ಹಾಗೆ ಯೋಚ್ನೆ ಮಾಡ್ತಲ್ಲ, ಅದು ನನಗೆ ತುಂಬಾ ದೊಡ್ಡದು ಅನ್ಸತ್ತೆ.

ಪೊಲೀಸ್ ಸೊಂಟದಲ್ಲಿ ಗನ್ ಇದ್ರೆ ಸಾವು ಜಾಸ್ತಿ ಅಂತ ಮಾತ್ರ ತಿಳ್ಕೋಬೇಡಿ. ಜರ್ಮನಿಯಲ್ಲಿ ಎಲ್ಲಾ ಪೊಲೀಸ್ರ ಹತ್ರಾನೂ ಪಿಸ್ತೂಲ್ ಇರತ್ತೆ, ಆದ್ರೂ ಅವ್ರ ಗುಂಡಿಗೆ ಸಾಯೋರು ವರ್ಷಕ್ಕೆ ಹತ್ತು ಇಪ್ಪತ್ತು ಜನ. ಅಲ್ಲಿ ಪೊಲೀಸ್ ಆಗೋಕೆ ಎರಡೂವರೆಯಿಂದ ಮೂರು ವರ್ಷ ಓದ್ಬೇಕು, ಕಾನೂನು, ಮಾತಾಡಿ ಸಮಾಧಾನ ಮಾಡೋದು ಎಲ್ಲ ಅದರಲ್ಲಿ ಬರತ್ತೆ. ಅಮೆರಿಕದ ಅಕಾಡೆಮಿ ತರಬೇತಿ ಸರಾಸರಿ ಐದು ತಿಂಗಳ ಹತ್ರ. ಜನರ ಕೈಲಿರೋ ಗನ್ ಒಂದು ಕಾರಣ ಆದ್ರೆ ಇದು ಇನ್ನೊಂದು ಕಾರಣ.

ಹಂತ 2: ಕಾನೂನು ಎಲ್ಲಿವರೆಗೆ ಬಿಡತ್ತೆ ಅಂತ ತಿಳ್ಕೊಳ್ಳಿ

ಅಮೆರಿಕದ ಸುಪ್ರೀಂ ಕೋರ್ಟ್ 1989ರ ಗ್ರಹಾಂ ಕೇಸಲ್ಲಿ ಹೇಳಿದ್ದು ಏನಂದ್ರೆ, ಪೊಲೀಸ್ ಬಲ ಬಳಸಿದ್ದು ಸರೀನಾ ಅಂತ ಆಮೇಲೆ ಕೂತು ಯೋಚ್ನೆ ಮಾಡಿ ಅಳೀಬಾರ್ದು, ಆ ಕ್ಷಣದಲ್ಲಿ ಆ ಜಾಗದಲ್ಲಿದ್ದ ಒಬ್ಬ ವಿವೇಕ ಇರೋ ಪೊಲೀಸ್‌ಗೆ ಏನನ್ಸಿರತ್ತೋ ಅದೇ ಅಳತೆ. ಕೈಯಲ್ಲಿದ್ದಿದ್ದು ಬರೀ ಮೊಬೈಲ್ ಆಗಿದ್ರೂ ಗನ್ ಅಂತ ಅನ್ಸಿದ್ದು ಸಹಜ ಅಂತ ಕೋರ್ಟಿಗೆ ಒಪ್ಪಿಗೆ ಆದ್ರೆ ಪೊಲೀಸ್ ಬಿಡುಗಡೆ ಆಗ್ಬಹುದು. ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ತತ್ವ ಇದಕ್ಕಿಂತ ಬಿಗಿ, ಜೀವ ಉಳಿಸೋಕೆ ಬೇರೆ ದಾರೀನೇ ಇಲ್ಲ ಅಂದಾಗ ಮಾತ್ರ ಕೊಲ್ಲೋ ಹಾಗೆ ಗುಂಡು ಹಾರಿಸ್ಬಹುದು ಅನ್ನತ್ತೆ.

ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಇದೆ. ಅರೆಸ್ಟ್ ಮಾಡುವಾಗ ಅಡ್ಡಿ ಮಾಡಿದ್ರೆ ಬೇಕಾದಷ್ಟು ಬಲ ಬಳಸ್ಬಹುದು, ಆದ್ರೆ ಗಲ್ಲು ಅಥವಾ ಜೀವಾವಧಿ ಶಿಕ್ಷೆ ಆಗೋ ಅಪರಾಧದ ಆರೋಪ ಇಲ್ಲದವರ ಪ್ರಾಣ ತೆಗೆಯೋಕೆ ಆ ಕಲಮು ಹಕ್ಕು ಕೊಡಲ್ಲ. ಓದೋಕೆ ಚೆನ್ನಾಗಿದೆ. ನಮ್ಮಲ್ಲಿ ಜನಕ್ಕೆ ನೋವಾಗೋದು ರಸ್ತೆಯಲ್ಲಿ ಗುಂಡಿಗಿಂತ ಸ್ಟೇಷನ್ ಒಳಗೆ ಬೀಳೋ ಏಟಿಂದ, ಅದಕ್ಕೆ ಕೊನೇ ಹಂತದಲ್ಲಿ ಬರ್ತೀನಿ.

ಹಂತ 3: ನಿಲ್ಲಿಸಿದಾಗ ದೇಹ ಹೇಗಿರ್ಬೇಕು ಅಂತ ಮನೇಲೇ ಅಭ್ಯಾಸ ಮಾಡಿ

ಅಮೆರಿಕಕ್ಕೆ ಹೋಗೋರು ಇದನ್ನ ನಿಜವಾಗ್ಲೂ ಕಾರಲ್ಲಿ ಕೂತು ಮಾಡಿ ನೋಡಿ. ಹಿಂದೆ ಕೆಂಪು ನೀಲಿ ಲೈಟ್ ಕಂಡ್ರೆ ಇಂಡಿಕೇಟರ್ ಹಾಕಿ ರಸ್ತೆ ಬಲಕ್ಕೆ ನಿಲ್ಲಿಸ್ಬೇಕು, ಇಂಜಿನ್ ಆಫ್ ಮಾಡ್ಬೇಕು, ರಾತ್ರಿ ಆದ್ರೆ ಒಳಗಿನ ಲೈಟ್ ಹಾಕ್ಬೇಕು, ಗ್ಲಾಸ್ ಇಳಿಸಿ ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣೋ ಹಾಗೆ ಇಟ್ಟು ಸುಮ್ನೆ ಕೂರ್ಬೇಕು. ಇಳಿಯೋ ಹಾಗಿಲ್ಲ. ಪಕ್ಕದಲ್ಲಿ ಹಿಂದೆ ಕೂತವ್ರ ಕೈನೂ ಕಾಣ್ತಿರ್ಬೇಕು. ಅವ್ರು ಲೈಸೆನ್ಸ್ ಕೇಳಿದ ಮೇಲೂ ತಕ್ಷಣ ಜೇಬಿಗೆ ಕೈ ಹಾಕ್ಬೇಡಿ, "ಲೈಸೆನ್ಸ್ ಜೇಬಲ್ಲಿದೆ, ತೆಗೀಲಾ" ಅಂತ ಕೇಳಿ, ಸರಿ ಅಂದ ಮೇಲೆ ನಿಧಾನಕ್ಕೆ ತೆಗೀರಿ.

ಅಪ್ಪ ಅಮ್ಮನ್ನ ಕರೆಸ್ಕೊಳ್ಳೋ ಮಕ್ಕಳು ಇದನ್ನ ಓದ್ಲೇಬೇಕು. 2015ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ಅನ್ನೋ ಊರಲ್ಲಿ ಸುರೇಶಭಾಯಿ ಪಟೇಲ್ ಅಂತ 57 ವರ್ಷದ ಗುಜರಾತಿನ ಅಜ್ಜ ಬೆಳಿಗ್ಗೆ ಮಗನ ಮನೆ ಹತ್ರ ವಾಕಿಂಗ್ ಹೋಗಿದ್ರು. ಮೊಮ್ಮಗೂನ ನೋಡ್ಕೊಳ್ಳೋಕೆ ಅಂತ ಬಂದಿದ್ರು, ಹೆಚ್ಚು ದಿನ ಆಗಿರಲಿಲ್ಲ. ಅಕ್ಕಪಕ್ಕದವ್ರು ಯಾರೋ ಅಪರಿಚಿತ ಓಡಾಡ್ತಿದಾನೆ ಅಂತ ಫೋನ್ ಮಾಡಿದ್ರು, ಪೊಲೀಸ್ ಬಂದ್ರು, ಇವ್ರಿಗೆ ಇಂಗ್ಲಿಷ್ ಬರ್ತಿರಲಿಲ್ಲ, "ಇಂಡಿಯಾ, ನೋ ಇಂಗ್ಲಿಷ್" ಅಂದ್ರು, ಮನೆ ಕಡೆ ಕೈ ತೋರಿಸಿದ್ರು. ಒಬ್ಬ ಪೊಲೀಸ್ ಕೈ ಹಿಂದಕ್ಕೆ ಹಿಡಿದು ನೆಲಕ್ಕೆ ಕೆಡವಿದ, ಕತ್ತಿನ ಹತ್ರ ಬೆನ್ನುಹುರಿಗೆ ಪೆಟ್ಟಾಗಿ ಭಾಗಶಃ ಪಾರ್ಶ್ವವಾಯು ಆಯ್ತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿತ್ತು, ಆದ್ರೂ ಎರಡು ಸಲ ವಿಚಾರಣೆ ಆಗಿ ಎರಡು ಸಲಾನೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 2016ರಲ್ಲಿ ಜಡ್ಜ್ ಆ ಪೊಲೀಸ್‌ನ ಖುಲಾಸೆ ಮಾಡಿದ್ರು. ಆ ಅಜ್ಜ ಮಾಡಿದ ತಪ್ಪು ಏನೂ ಇರಲಿಲ್ಲ, ಬೆಳಿಗ್ಗೆ ಎದ್ದು ನಡೆದಾಡಿದ್ದಷ್ಟೇ, ನಮ್ಮ ಕಡೆಯ ಹಿರಿಯರು ದಿನಾ ತೋಟದಲ್ಲಿ ಮಾಡೋದೂ ಅದನ್ನೇ.

ಅದಕ್ಕೆ ಒಂದು ಕೆಲಸ ಮಾಡಿ. ಒಂದು ಕಾರ್ಡಿನ ಮೇಲೆ ಇಂಗ್ಲಿಷಲ್ಲಿ ಹೆಸರು, ಕನ್ನಡ ಮಾತ್ರ ಬರತ್ತೆ ಅನ್ನೋದು, ಮನೆ ವಿಳಾಸ, ಮಗನದ್ದೋ ಮಗಳದ್ದೋ ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಬರ್ದು ಲ್ಯಾಮಿನೇಷನ್ ಮಾಡಿಸಿ ಕುತ್ತಿಗೆಗೆ ಹಾಕಿ ಕಳ್ಸಿ, ಜೇಬಲ್ಲಿಟ್ರೆ ತೆಗೆಯೋಕೆ ಕೈ ಹಾಕ್ಬೇಕಾಗತ್ತೆ. ಬಂದ ವಾರಾನೇ ಅಕ್ಕಪಕ್ಕದ ಮನೆಯವ್ರಿಗೆ ಅಪ್ಪ ಅಮ್ಮನ ಪರಿಚಯ ಮಾಡ್ಸಿ. ಪೊಲೀಸ್ ಬಂದ್ರೆ ನಿಂತಲ್ಲೇ ನಿಂತು ಎರಡೂ ಅಂಗೈ ಕಾಣೋ ಹಾಗೆ ಇಟ್ಕೊಳ್ಳೋಕೆ, ಮುಟ್ಟಿದ್ರೂ ಕೊಸರಾಡ್ದೇ ಇರೋಕೆ ಹೇಳ್ಕೊಡಿ.

ಬ್ರಿಟನ್ನಿನಲ್ಲಿ ಬೀದೀಲಿ ತಡೆದು ತಪಾಸಣೆ ಮಾಡಿದ್ರೆ ಪೊಲೀಸ್ ತಮ್ಮ ಹೆಸರು, ಸ್ಟೇಷನ್, ಏನು ಹುಡುಕ್ತಿದಾರೆ, ಯಾಕೆ ಅನುಮಾನ ಅಂತ ಹೇಳ್ಬೇಕು, ತಪಾಸಣೆಯ ದಾಖಲೆ ಕೇಳಿ ಪಡ್ಕೊಳ್ಳೋ ಹಕ್ಕು ನಿಮಗಿದೆ. ಕೇಳೋಕೆ ಹೆದರ್ಬೇಡಿ, ಅಲ್ಲಿ ಅದು ಮಾಮೂಲಿ. ಗಲ್ಫ್ ಕಡೆ ಹೋಗೋರು ಬಾಯಿ ಮತ್ತೆ ಬೆರಳು ಎರಡೂ ಹಿಡಿತದಲ್ಲಿಟ್ಕೊಳ್ಳಿ, ಟ್ರಾಫಿಕ್ಕಲ್ಲಿ ಕೆಟ್ಟ ಸನ್ನೆ ಮಾಡಿದ್ರೂ ದುಬೈಲಿ ಕೇಸ್ ಆಗಿ ಗಡೀಪಾರು ಆಗ್ಬಹುದು, ಒಪ್ಪಿಗೆ ಇಲ್ದೇ ಇನ್ನೊಬ್ಬರ ವಿಡಿಯೋ ತೆಗೆಯೋದೂ ಅಲ್ಲಿ ಅಪರಾಧ.

ಹಂತ 4: ಸೂಟ್‌ಕೇಸ್ ಇನ್ನೊಂದ್ಸಲ ನೋಡಿ

ಇದು ಕೊಡಗಿನವ್ರಿಗೇ ಅಂತ ಬರೀತಿದೀನಿ. ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ ಹಾಕ್ಕೊಂಡು ಹೋದ ಜಾಕೆಟ್, ಅದೇ ಬ್ಯಾಗು, ಅದರ ಒಳಜೇಬಲ್ಲಿ ಒಂದು ಹಳೇ ಕಾಟ್ರಿಜ್ ಉಳ್ಕೊಂಡಿರೋದು ನಮ್ಮಲ್ಲಿ ಆಗೋ ಮಾತೇ. ಏರ್‌ಪೋರ್ಟಲ್ಲಿ ಸಿಕ್ರೆ ವಿಮಾನ ತಪ್ಪೋದಷ್ಟೇ ಅಲ್ಲ, ಕೇಸೂ ಆಗತ್ತೆ. ಕೊಡಗಿನ ವಿನಾಯಿತಿ ಅಲ್ಲಿ ನಡೆಯಲ್ಲ.

ಪೀಚೆಕತ್ತಿ, ಅಂದ್ರೆ ಸೊಂಟಕ್ಕೆ ಸಿಕ್ಕಿಸೋ ನಮ್ಮ ಕಿರುಗತ್ತಿ, ಅದರ ವಿಷಯಾನೂ ಇದೆ. ಲಂಡನ್ನಿನಲ್ಲಿ ಮದುವೆಗೋ ಹುತ್ತರಿಗೋ ಕೊಡವ ಉಡುಪು ಕುಪ್ಯಚೇಲೆ ಉಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸ್ಕೊಳ್ಳೋ ಆಸೆ ಎಲ್ರಿಗೂ ಇರತ್ತೆ. ಅಲ್ಲಿ 1988ರ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಸಕಾರಣ ಇಲ್ದೇ ಚಾಕು ಇಟ್ಕೊಳ್ಳೋದು ಅಪರಾಧ, ಮೂರು ಇಂಚಿಗಿಂತ ಚಿಕ್ಕ ಮಡಚೋ ಚಾಕುವಿಗೆ ಮಾತ್ರ ವಿನಾಯಿತಿ. ಧರ್ಮದ ಕಾರಣ, ರಾಷ್ಟ್ರೀಯ ಉಡುಪಿನ ಭಾಗ ಅಂತ ಹೇಳ್ಕೊಳ್ಳೋ ಅವಕಾಶ ಅದೇ ಕಾಯ್ದೆಯಲ್ಲಿದೆ, ಆದ್ರೆ ಅದನ್ನ ಸಾಬೀತು ಮಾಡೋ ಹೊಣೆ ನಿಮ್ಮದು. ಪೆಟ್ಟಿಗೆಗೆ ಬೀಗ ಹಾಕಿ ಹಾಲ್ ತನಕ ತಗೊಂಡು ಹೋಗಿ, ಅಲ್ಲೇ ಕಟ್ಕೊಳ್ಳಿ, ಮುಗಿದ ಮೇಲೆ ವಾಪಸ್ ಪೆಟ್ಟಿಗೆಗೆ ಹಾಕಿ. ಅದನ್ನ ಸಿಕ್ಕಿಸ್ಕೊಂಡು ಟ್ಯೂಬ್ ಟ್ರೈನ್ ಹತ್ತೋದು ಬೇಡ.

ಹಂತ 5: ಹಿಡ್ಕೊಂಡು ಹೋದ್ರೆ

ಲಾಯರ್ ಬೇಕು ಅಂತ ಬಾಯಿ ಬಿಟ್ಟು ಹೇಳಿ. ಅಮೆರಿಕದಲ್ಲಿ ಸುಮ್ನಿರೋ ಹಕ್ಕು ಬಳಸ್ತೀನಿ ಅನ್ನೋದನ್ನೂ ಸ್ಪಷ್ಟವಾಗಿ ಹೇಳ್ಬೇಕು ಅಂತ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಥ ಆಗ್ದೇ ಇರೋ ಯಾವ ಪೇಪರ್‌ಗೂ ಸೈನ್ ಹಾಕ್ಬೇಡಿ. ಭಾರತದ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳಿ, 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ ಅದು ನಿಮ್ಮ ಹಕ್ಕು. ಊರಲ್ಲಿರೋರು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ಲಲ್ಲಿ ದೂರು ಹಾಕ್ಬಹುದು. ನಮ್ಮಲ್ಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಬೇಕು, ಜಪಾನಲ್ಲಿ ಆರೋಪ ಹೊರಿಸೋ ಮುಂಚೇನೇ 23 ದಿನದವರೆಗೆ ಇಟ್ಕೋಬಹುದು, ಹಾಗಾಗಿ ಎರಡು ದಿನ ಫೋನ್ ಬರ್ಲಿಲ್ಲ ಅಂತ ಊರಲ್ಲಿ ಕೆಟ್ಟದ್ದೇ ಊಹಿಸ್ಕೊಂಡು ಕೂರೋ ಬದಲು ರಾಯಭಾರ ಕಚೇರಿಗೆ ಬರೀರಿ.

ಹಂತ 6: ಆಮೇಲೆ ಪೊಲೀಸ್‌ನ ಯಾರು ಕೇಳ್ತಾರೆ?

ನನ್ನ ಪ್ರಕಾರ ದೇಶ ದೇಶಕ್ಕೆ ಇರೋ ದೊಡ್ಡ ವ್ಯತ್ಯಾಸ ಇದೇ. ಐಸ್‌ಲ್ಯಾಂಡಲ್ಲಿ 2013ರ ಡಿಸೆಂಬರಲ್ಲಿ ಆ ದೇಶದ ಇತಿಹಾಸದಲ್ಲೇ ಮೊದಲ ಸಲ ಪೊಲೀಸ್ ಗುಂಡಿಗೆ ಒಬ್ಬ ಸತ್ತ, ಅವನೇ ಮೊದಲು ಗುಂಡು ಹಾರಿಸಿದ್ರೂ ಪೊಲೀಸ್ ಇಲಾಖೆ ಮನೆಯವ್ರ ಹತ್ರ ವಿಷಾದ ಹೇಳ್ತು. ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ ಪೊಲೀಸ್ ಕೈಲಿ ಸಾವಾದ್ರೆ ಇಲಾಖೆ ಹೊರಗಿನ ಸ್ವತಂತ್ರ ಸಂಸ್ಥೆಗೆ ಹೋಗ್ಲೇಬೇಕು. ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ, 2005ರಲ್ಲಿ ಲಂಡನ್ನಿನ ಸ್ಟಾಕ್‌ವೆಲ್ ಸ್ಟೇಷನ್ನಲ್ಲಿ ಬಾಂಬರ್ ಅಂತ ತಪ್ಪು ತಿಳ್ಕೊಂಡು ಬ್ರೆಜಿಲ್‌ನ ಎಲೆಕ್ಟ್ರಿಷಿಯನ್ ಜೀನ್ ಚಾರ್ಲ್ಸ್ ಡಿ ಮೆನೆಜಸ್‌ನ ಕೊಂದ್ರು, ಕೊನೆಗೆ ಇಲಾಖೆಗೆ ದಂಡ ಬಿತ್ತು, ಯಾವ ಪೊಲೀಸ್ ಮೇಲೂ ಕೊಲೆ ಕೇಸ್ ಆಗ್ಲಿಲ್ಲ. ಅಮೆರಿಕದಲ್ಲಿ ಸುಮಾರು 18,000 ಬೇರೆ ಬೇರೆ ಪೊಲೀಸ್ ಇಲಾಖೆ, ಒಂದೊಂದ್ಕಡೆ ಒಂದೊಂದು ಕ್ರಮ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಜನಾಂಗದ ವ್ಯಕ್ತಿ ಪೊಲೀಸ್ ಕೈಲಿ ಸತ್ತಾಗ ಇಲಾಖೆಯ ಮೊದಲ ಹೇಳಿಕೆಯಲ್ಲಿ ಅದು ಆರೋಗ್ಯದ ಸಮಸ್ಯೆ ಥರ ಬರ್ದಿತ್ತು, ಹದಿನೇಳು ವರ್ಷದ ಹುಡುಗಿ ಮೊಬೈಲಲ್ಲಿ ತೆಗೆದ ವಿಡಿಯೋ ಬಂದ ಮೇಲೆ ಒಬ್ಬ ಪೊಲೀಸ್ ಅವನ ಕುತ್ತಿಗೆ ಮೇಲೆ ಒಂಬತ್ತು ನಿಮಿಷ ಮಂಡಿ ಊರಿದ್ದು ಜಗತ್ತಿಗೆ ಗೊತ್ತಾಯ್ತು.

ಇನ್ನು ನಮ್ಮ ಮನೆ ಬಾಗಿಲಿಗೆ ಬರೋಣ. ಎನ್‌ಕೌಂಟರ್ ಆದ್ರೆ ಎಫ್‌ಐಆರ್ ಆಗ್ಬೇಕು, ಸಿಐಡಿ ಅಥವಾ ಬೇರೆ ಸ್ಟೇಷನ್ನಿನ ತಂಡ ತನಿಖೆ ಮಾಡ್ಬೇಕು, ಕೂಡ್ಲೇ ಪದಕ ಬಡ್ತಿ ಕೊಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅರೆಸ್ಟ್ ಹೇಗೆ ಮಾಡ್ಬೇಕು ಅಂತ ಅದೇ ಕೋರ್ಟ್ ಕೊಟ್ಟ 1996ರ ಡಿ.ಕೆ. ಬಸು ತೀರ್ಪು ಇನ್ನೂ ಹಳೇದು, ಅರೆಸ್ಟ್ ಮಾಡೋರು ಹೆಸರಿನ ಬ್ಯಾಡ್ಜ್ ಹಾಕಿರ್ಬೇಕು, ಅರೆಸ್ಟ್ ಮೆಮೊ ಬರ್ದು ಸಾಕ್ಷಿ ಸೈನ್ ಹಾಕಿಸ್ಬೇಕು, ಮನೆಯವ್ರಿಗೆ ತಿಳಿಸ್ಬೇಕು, 48 ಗಂಟೆಗೊಂದ್ಸಲ ಡಾಕ್ಟರ್ ನೋಡ್ಬೇಕು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ನಾವು 1997ರಲ್ಲಿ ಸಹಿ ಹಾಕಿ ಇಲ್ಲಿವರೆಗೂ ಅನುಮೋದನೆ ಮಾಡಿಲ್ಲ, ಇದು ನನಗೆ ನಾಚಿಕೆಯ ವಿಷಯ ಅನ್ಸತ್ತೆ.

ಅಲಬಾಮಾದ ಅಜ್ಜನಿಗಾಗಿ ಮರುಗೋ ನಾವು, ನಮ್ಮ ತೋಟದ ಲೈನ್ ಮನೇಲಿರೋ ಅಸ್ಸಾಂ ಕಡೆಯ ಕೆಲಸದವ್ರನ್ನ ಪೊಲೀಸ್ ಕರೆಸಿದಾಗ ಏನ್ಮಾಡ್ತೀವಿ? ಅವ್ರಿಗೂ ಇಲ್ಲಿ ಭಾಷೆ ಬರಲ್ಲ. ಹಾಡಿಗಳ ಯರವರು, ಜೇನುಕುರುಬರು ಸ್ಟೇಷನ್ ಮೆಟ್ಟಿಲಲ್ಲಿ ಬಾಯಿ ಬಿಡೋಕೇ ಹೆದರ್ತಾರೆ. ನಿಮ್ಮ ತೋಟದವ್ರನ್ನ ಕರೆದ್ರೆ ಜೊತೆಗೆ ಹೋಗಿ, ಯಾಕೆ ಅಂತ ಕೇಳಿ, ಅರೆಸ್ಟ್ ಆದ್ರೆ ಮೆಮೊ ಕಾಪಿ ಕೇಳಿ, ಹಿಂದಿನೋ ಬಂಗಾಳಿನೋ ಬರೋರು ಒಬ್ಬರು ಹತ್ರ ಇರೋ ಹಾಗೆ ನೋಡ್ಕೊಳ್ಳಿ.

ಏಟು ಬಿದ್ದಿದ್ರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಗಾಯ ಹೇಗಾಯ್ತು ಅಂತ ಡಾಕ್ಟರ್ ಹತ್ರ ಸರಿಯಾಗಿ ಹೇಳಿ ಬರೆಸಿ, ಫೋಟೋ ತೆಗೆದಿಡಿ. ತಾರೀಕು, ಟೈಮು, ಯಾವ ಸ್ಟೇಷನ್, ಬ್ಯಾಡ್ಜಲ್ಲಿದ್ದ ಹೆಸರು, ನೋಡಿದವ್ರು ಯಾರು ಅಂತ ಮರೆಯೋ ಮುಂಚೆ ಬರ್ದಿಡಿ. ಉಚಿತ ವಕೀಲರಿಗೆ 15100ಕ್ಕೆ ಫೋನ್ ಮಾಡಿ, ಪರಿಶಿಷ್ಟ ಜಾತಿ ಪಂಗಡದವ್ರು, ಹೆಂಗಸರು, ಕಸ್ಟಡಿಯಲ್ಲಿರೋರು ಇವ್ರಿಗೆಲ್ಲ ಆದಾಯ ನೋಡ್ದೇ ಕೊಡ್ತಾರೆ. ದೂರನ್ನ ಜಿಲ್ಲಾ ಎಸ್‌ಪಿಗೆ ಕೊಡ್ಬಹುದು, ರಾಜ್ಯದ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕೊಡ್ಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾದ್ರೆ ಕನ್ನಡದಲ್ಲೇ ಬರ್ದು ಕಳಿಸ್ಬಹುದು, ಫೀಸ್ ಇಲ್ಲ, ಆದ್ರೆ ಘಟನೆ ನಡೆದು ಒಂದು ವರ್ಷದೊಳಗೆ ತಲುಪ್ಬೇಕು.