‘ಎರಡು ನಡೆಯುತ್ತಿದೆ’ ಎಂದರೆ ಎಷ್ಟು ತಿಂಗಳು?

2022ರ ಫೆಬ್ರವರಿ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿ ಮತ್ತು ಅದರ ಪಕ್ಕದ ಲಂಬಾಣಿ ತಾಂಡಾದಲ್ಲಿ ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೂಕದ ಯಂತ್ರ, ಎತ್ತರ ಅಳೆಯುವ ಹಲಗೆ, ತೋಳಿನ ಸುತ್ತಳತೆಯ ಪಟ್ಟಿ ಎಲ್ಲವನ್ನೂ ಪರೀಕ್ಷಿಸಿಕೊಂಡೇ ಹೋಗಿದ್ದೆವು. ಅವು ಯಾವುವೂ ಕೈಕೊಡಲಿಲ್ಲ. ಕೈಕೊಟ್ಟದ್ದು ವಯಸ್ಸಿನ ಕಾಲಂ.

ಮೊದಲ ವಾರದ ಹಾಳೆಗಳನ್ನು ರಾತ್ರಿ ಕುಳಿತು ತಿರುವಿದಾಗ, ಮಕ್ಕಳೆಲ್ಲ ಮಾತಾಡಿಕೊಂಡು ಹುಟ್ಟಿದಂತೆ ಕಂಡಿತು: 12 ತಿಂಗಳು, 24 ತಿಂಗಳು, 36 ತಿಂಗಳು. ಹದಿನೇಳು, ಇಪ್ಪತ್ತೊಂದು ತಿಂಗಳ ಮಗು ಆ ಊರಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಕಾರಣ ಮರುದಿನ ಒಂದು ಮನೆಯ ಕಟ್ಟೆಯ ಮೇಲೆ ಸಿಕ್ಕಿತು. ನಮ್ಮ ತಂಡದ ಹುಡುಗಿ ಕೇಳಿದಳು, “ಮಗುವಿಗೆ ಎಷ್ಟು ವರ್ಷ ಅಕ್ಕಾ?” ತಾಯಿ ಹೇಳಿದಳು, “ಎರಡು ನಡೆಯುತ್ತಿದೆ.” ಹುಡುಗಿ 24 ಎಂದು ಬರೆದಳು. ನಡೆಯುತ್ತಿದೆ ಎಂದರೆ ಒಂದು ತುಂಬಿ ಎರಡನೆಯದು ಹಿಡಿದಿದೆ ಎಂದರ್ಥ. ಅದು ಹದಿಮೂರು ತಿಂಗಳೂ ಆಗಬಹುದು, ಇಪ್ಪತ್ಮೂರೂ ಆಗಬಹುದು. ಕನ್ನಡದಲ್ಲೇ ಹುಟ್ಟಿ ಬೆಳೆದ ನಾವು ಇದನ್ನು ಮರೆತಿದ್ದೆವು. ಪ್ರಶ್ನಾವಳಿ ಕೈಗೆ ಬಂದ ಕೂಡಲೇ ಮನೆಮಾತು ಕಿವಿಗೆ ಬೀಳುವುದಿಲ್ಲವೋ ಏನೋ.

ಮಗು ಹುಟ್ಟಿದ ದಿನ ಬರೆದಿರುವ ತಾಯಿ ಕಾರ್ಡ್ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇದ್ದವರದ್ದನ್ನು ನೋಡಿದೆವು. ದುಡಿಯಲು ಊರು ಬಿಟ್ಟು ಗುಳೆ ಹೋಗಿ ಬಂದ ಹಲವರ ಕಾರ್ಡು ಬೆಂಗಳೂರಿನ ಶೆಡ್ಡಿನಲ್ಲೇ ಉಳಿದುಹೋಗಿತ್ತು, ಇಲ್ಲವೇ ಮಳೆಗೆ ನೆಂದು ಶಾಯಿ ಕರಗಿತ್ತು.

ದಾರಿ ತೋರಿಸಿದ್ದು ಆ ಊರಿನ ಒಬ್ಬ ಸೂಲಗಿತ್ತಿ ಅಜ್ಜಿ. “ತಿಂಗಳು ಕೇಳಬೇಡಿ, ಹಬ್ಬ ಕೇಳಿ” ಎಂದಳು. ಅಂಗನವಾಡಿಯ ಜಗುಲಿಯಲ್ಲಿ ಏಳೆಂಟು ಹೆಂಗಸರನ್ನು ಕೂರಿಸಿಕೊಂಡು, ಹಿಂದಿನ ಐದು ವರ್ಷಗಳ ಲೆಕ್ಕವನ್ನು ದೊಡ್ಡ ಹಾಳೆಯ ಮೇಲೆ ಬರೆದೆವು: ಉಗಾದಿ, ಕಾರಹುಣ್ಣಿಮೆ, ನಾಗರಪಂಚಮಿ, ಸೀಗಿಹುಣ್ಣಿಮೆ, ಹತ್ತಿ ಬಿಡಿಸುವ ಕಾಲ, ಜೋಳದ ರಾಶಿ, ಊರ ಜಾತ್ರೆ. ಮೊಹರಂ ಮಾತ್ರ ಸತಾಯಿಸಿತು. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಪ್ರತಿ ವರ್ಷಕ್ಕೂ ಬೇರೆ ಬೇರೆಯಾಗಿ ಕೂಡಿಸಬೇಕಾಯಿತು. ಆದರೆ ಗುಳೆ ಹೋದವರೂ ಮೊಹರಂನ ಅಲಾಯಿ ದೇವರನ್ನು ನೋಡಲು ಊರಿಗೆ ಬರುತ್ತಾರೆ, ಹಾಗಾಗಿ ಎಲ್ಲರಿಗೂ ನೆನಪಿರುವ ದಿನವೂ ಅದೇ.

ಆ ‘ಎರಡು ನಡೆಯುತ್ತಿರುವ’ ಹುಡುಗನ ಮನೆಗೆ ಹಾಳೆ ಹಿಡಿದು ಮತ್ತೆ ಹೋದೆ. 2020ರ ಉಗಾದಿ ಮಾರ್ಚ್ 25ಕ್ಕೆ ಬಂದಿತ್ತು, ಲಾಕ್‌ಡೌನ್ ಶುರುವಾದ ದಿನವೂ ಅದೇ. ತಾಯಿಗೆ ಅದು ಚೆನ್ನಾಗಿ ನೆನಪಿತ್ತು. “ಬಸ್ ನಿಂತಾಗ ನನಗೆ ಮೂರು ತಿಂಗಳು, ವಾಂತಿ ಇನ್ನೂ ನಿಂತಿರಲಿಲ್ಲ. ಅಲಾಯಿ ದೇವರು ಹೊಳೆಗೆ ಹೋದ ಮೇಲೆ ಇವನು ಹುಟ್ಟಿದ.” ಆ ವರ್ಷ ಮೊಹರಂ ಆಗಸ್ಟ್ 30. ಎಂದರೆ ಹುಡುಗ ಸೆಪ್ಟೆಂಬರಿನವನು, ಹದಿನೇಳು ತಿಂಗಳು. ಅವನ ಅಳತೆ 79 ಸೆಂ.ಮೀ. ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದ ಪ್ರಕಾರ 24 ತಿಂಗಳ ಗಂಡು ಮಗುವಿಗೆ ಅದು ಕುಂಠಿತ ಬೆಳವಣಿಗೆ, ಎಂದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. 17 ತಿಂಗಳಿನವನಿಗೆ ಏನೂ ತೊಂದರೆಯಿಲ್ಲ. ನಮ್ಮ ಹಾಳೆಯಲ್ಲಿ ಒಂದು ವಾರ ಅವನು ಕುಂಠಿತನಾಗಿದ್ದ.

ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಕುಂಠಿತರು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಹೇಳಿತ್ತು. ಹಸಿವು ಸುಳ್ಳೆಂದು ನಾನು ಹೇಳುತ್ತಿಲ್ಲ. ಹಳೆಯ ಹಾಳೆಗಳನ್ನೆಲ್ಲ ಬದಿಗಿಟ್ಟು ಮತ್ತೆ ಮನೆ ಮನೆ ಸುತ್ತಿದಾಗಲೂ ಸಣ್ಣ ಮಕ್ಕಳು ಸಣ್ಣವರಾಗಿಯೇ ಉಳಿದರು. ಯಾರು ಎಂಬುದು ಮಾತ್ರ ಬದಲಾಯಿತು. ಮೂರು ವರ್ಷದವನೆಂದು ಬರೆದಿದ್ದ ಇನ್ನೊಬ್ಬ ಹುಡುಗ ಮೂರು ದಾಟಿ ಏಳು ತಿಂಗಳಾದವನು, ಆ ವಯಸ್ಸಿಗೆ ಅವನ ಎತ್ತರ ಸಾಲದು. ಮೊದಲು ಅವನ ಮನೆಯವರಿಗೆ ‘ಚೆನ್ನಾಗಿದ್ದಾನೆ’ ಎಂದು ಹೇಳಿ ಬಂದವಳು ನಾನೇ. ಎರಡನೆಯ ಸಲ ಆ ಬಾಗಿಲು ತಟ್ಟುವುದು ಕಷ್ಟವಾಯಿತು.

ಊಟದ ಪ್ರಶ್ನೆಯದ್ದೂ ಇದೇ ಕಥೆ, ಚಿಕ್ಕದಾಗಿ ಹೇಳುತ್ತೇನೆ. “ನಿನ್ನೆ ಮಗು ಏನೇನು ಉಂಡಿತು?” ಎಂದರೆ ರೊಟ್ಟಿ, ಬೇಳೆ, ಅನ್ನ ಎಂಬ ಉತ್ತರ. ಅಂಗಳದಲ್ಲಿ ಐದು ರೂಪಾಯಿಯ ಚಿಪ್ಸ್ ಪೊಟ್ಟಣಗಳು ಗಾಳಿಗೆ ಹಾರಾಡುತ್ತಿದ್ದವು. ಯಾರೂ ಮುಚ್ಚಿಟ್ಟಿರಲಿಲ್ಲ, ಪೊಟ್ಟಣದ್ದನ್ನು ‘ಉಣ್ಣುವುದು’ ಎಂದು ಯಾರೂ ಕರೆಯುವುದಿಲ್ಲ, ಅಷ್ಟೇ. “ಅಂಗಡಿಯಿಂದ ಏನು ತಂದುಕೊಂಡಿತು?” ಎಂದು ಬೇರೆ ಪ್ರಶ್ನೆ ಸೇರಿಸಿದ ಮೇಲೆ ಹಾಳೆ ತುಂಬಿತು. ಅತ್ತೆ ಪಕ್ಕದಲ್ಲಿದ್ದಾಗ ಸೊಸೆ ಕೊಡುವ ಉತ್ತರವೇ ಬೇರೆ, ಆದ್ದರಿಂದ ಆ ಪ್ರಶ್ನೆಯನ್ನು ನೀರಿನ ನಲ್ಲಿಯ ಹತ್ತಿರ ಕೇಳಲು ಶುರು ಮಾಡಿದೆವು.

ತಾಂಡಾದಲ್ಲಿ ಲಂಬಾಣಿ ಬಲ್ಲ ಹುಡುಗಿಯೊಬ್ಬಳನ್ನೇ ಕಳುಹಿಸಿದೆವು. ಅಲ್ಲಿನ ಹಬ್ಬಗಳ ಹಾಳೆಯೇ ಬೇರೆ.

ಅಳತೆ ಮುಗಿದ ಮೇಲೆ ಅಂಗನವಾಡಿಯಲ್ಲಿ ಸಭೆ ಸೇರಿಸಿ, ಮಕ್ಕಳ ಹೆಸರೆತ್ತದೆ ಫಲಿತಾಂಶ ಹೇಳಿದೆವು. ಸೂಲಗಿತ್ತಿ ಅಜ್ಜಿ ಕೊನೆಯವರೆಗೂ ಸುಮ್ಮನಿದ್ದು, “ಬೀಗ ಹಾಕಿದ ಮನೆಗಳನ್ನು ಯಾವ ಲೆಕ್ಕಕ್ಕೆ ಸೇರಿಸಿದಿರಿ?” ಎಂದು ಕೇಳಿದಳು. ಯಾವ ಲೆಕ್ಕಕ್ಕೂ ಸೇರಿಸಿರಲಿಲ್ಲ. ದುಡಿಯಲು ಹೋದವರ ಮಕ್ಕಳು ನಮ್ಮ ಹಲಗೆಯ ಮೇಲೆ ಮಲಗಿಯೇ ಇರಲಿಲ್ಲ. ಆಗಸ್ಟ್‌ನಲ್ಲಿ, ಮೊಹರಂಗೆ ಊರು ತುಂಬುವ ವಾರ, ಹಲಗೆ ಹೊತ್ತು ಮತ್ತೆ ಬಂದೆವು. ಹಬ್ಬದ ಹಾಳೆಯ ಕೊನೆಗೆ ಎರಡು ಕಾಲಂ ಹೊಸದಾಗಿ ಗೀಚಿಕೊಂಡಿದ್ದೆವು: ಹೋದದ್ದು ಯಾವ ಹಬ್ಬಕ್ಕೆ, ಬಂದದ್ದು ಯಾವ ಹಬ್ಬಕ್ಕೆ.